ಡಬ್ಬಿ ಅಕ್ಕ ಹಿಡಿದ ಹಟ

ಬಸ್ಸಿನ ಬಾಗಿಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಡಬ್ಬಿ ಅಕ್ಕ ಎಂದು. ಹದಿನಾಲ್ಕು ವರ್ಷ ವೈರು ಜೋಡಿಸಿದವಳು, ನಲವತ್ತು ದಾಟಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು, ಯಂತ್ರವನ್ನು ಪರದೆಯ ಮೇಲೆಯೇ ನಡೆಸಿ ನೋಡುವ ಸಿಮ್ಯುಲೇಷನ್ ಕಲಿತಿದ್ದಳು. ಪರದೆಯ ಮೇಲೆ ಮೋಟರಿಗೊಂದು ಡಬ್ಬಿ, ಬಾಗಿಲಿಗೊಂದು, ಅದನ್ನು ಆಡಿಸುವ ಕಂಟ್ರೋಲರಿಗೊಂದು. ನಡುವೆ ಬಾಣದ ಗೆರೆಗಳು. ಗುಂಡಿ ಒತ್ತಿದರೆ ಇಲ್ಲದ ಬಾಗಿಲು ತೆರೆದು ಮುಚ್ಚುತ್ತಿತ್ತು. ಕೊನೆಗೆ ಆ ಚಿತ್ರದಿಂದಲೇ ಕಂಟ್ರೋಲರಿನ ಪ್ರೋಗ್ರಾಂ ತಯಾರಾಗಿ ಬಸ್ಸು ಹತ್ತುತ್ತಿತ್ತು. "ನಮ್ಮಮ್ಮ ಆಫೀಸಲ್ಲಿ ಡಬ್ಬಿ ಜೋಡಿಸ್ತಾಳೆ" ಎಂದು ಮಗಳು ಶಾಲೆಯಲ್ಲಿ ಹೇಳಿ, ಊಟದ ಡಬ್ಬಿ ಇರಬೇಕೆಂದು ಟೀಚರು ತಿಳಿದುಕೊಂಡಿದ್ದರಂತೆ. ಅಕ್ಕ ಅದನ್ನು ಹೇಳಿಕೊಂಡು ತಾನೇ ನಗುತ್ತಿದ್ದಳು.

ಆ ನಗು ನಿಂತದ್ದು ಒಂದು ಸೋಮವಾರ. ಬಸ್ಸಿನ ಬಾಗಿಲಿಗೆ ಸಿಕ್ಕಿ ಟೈಲರ್ ಹೆಂಗಸೊಬ್ಬಳ ಬಲಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಕಾರ್ಖಾನೆಯ ವರದಿಯಲ್ಲಿ ಕಾರಣ ಒಂದೇ ಸಾಲು: "ಪ್ರಯಾಣಿಕರ ಅಜಾಗರೂಕತೆ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಏನಾದರೂ ಅಡ್ಡ ಬಂದರೆ ಮೋಟರು ಹೆಚ್ಚು ಕರೆಂಟ್ ಎಳೆಯುತ್ತದೆ. ಅದು ಒಂದು ಮಿತಿ ದಾಟಿದ ಕೂಡಲೇ ಬಾಗಿಲು ಹಿಂದೆ ಸರಿಯಬೇಕು. ಆ ಮಿತಿಯನ್ನು ಗೊತ್ತುಮಾಡಿದವಳು ಅವಳೇ. ಬಸ್ಸಿಗೆ ಹೋದ ಚಿತ್ರ ತೆರೆದು ನೋಡಿದರೆ ಅಲ್ಲಿ ಅದರ ಎರಡರಷ್ಟಿತ್ತು. ಚಳಿಗೆ ಗ್ರೀಸು ಗಟ್ಟಿಯಾಗಿ, ಬಾಗಿಲು ಮುಚ್ಚದೆ ಸುಮ್ಮಸುಮ್ಮನೆ ತೆರೆದುಕೊಳ್ಳುತ್ತದೆ ಎಂಬ ದೂರು ಬಂದಿತ್ತು. ಗ್ರೀಸು ಬದಲಿಸುವುದು ಬಿಟ್ಟು ಮ್ಯಾನೇಜರು ಮಿತಿಯ ಅಂಕಿ ಬದಲಿಸಿದ್ದರು.

ಪ್ರಿಂಟು ಹಿಡಿದು ಅವರ ಕೋಣೆಗೆ ನುಗ್ಗಿದಳು.

"ಸರ್, ಇದನ್ನ ಮಾಡಿದ್ದು ನೀವಾ?"

"ಸಿಮ್ಯುಲೇಷನ್ನಲ್ಲಿ ಪಾಸ್ ಆಗಿತ್ತಲ್ಲಮ್ಮ."

"ಆಗದೆ ಏನು? ಅಡ್ಡ ಬರೋ ಕೈಗೆ ಅಂತ ನಾನಿಟ್ಟಿದ್ದ ಡಬ್ಬಿನೇ ಕಿತ್ತುಹಾಕಿ ಓಡ್ಸಿದ್ದೀರಿ!"

"ಮೆಲ್ಲಗೆ ಮಾತಾಡಿ. ಗೆರೆ ಎಳೆದ ಚಿತ್ರ ತಂದು ಸಾಕ್ಷಿ ಅಂತೀರಾ?"

"ಸರಿ, ಚಿತ್ರ ಬೇಡ. ಕೆಳಗೆ ಬನ್ನಿ."

ಪರೀಕ್ಷಾ ಶೆಡ್ಡಿನಲ್ಲಿ ಅಂಥದೇ ಬಾಗಿಲೊಂದು ಚೌಕಟ್ಟಿನಲ್ಲಿ ನಿಂತಿತ್ತು. ಕೆಲಸದವರೆಲ್ಲ ಸೇರಿದರು, ಗಲಾಟೆ ಕೇಳಿ ಕಾರ್ಖಾನೆಯ ಒಡತಿಯೂ ಇಳಿದು ಬಂದರು. ಅಕ್ಕ ಬಸ್ಸಿಗೆ ಹೋದ ಮಿತಿಯನ್ನೇ ಅದಕ್ಕೆ ತುಂಬಿ, ಬೆರಳ ಗಾತ್ರದ ಮರದ ಕಡ್ಡಿಯನ್ನು ಅಡ್ಡ ಇಟ್ಟು ಗುಂಡಿ ಒತ್ತಿದಳು. ಕಡ್ಡಿ ಲಟಕ್ಕನೆ ಮುರಿಯಿತು. ಬಾಗಿಲು ಏನೂ ಆಗದ ಹಾಗೆ ಮುಚ್ಚಿಕೊಂಡಿತು. ತನ್ನ ಹಳೆಯ ಮಿತಿ ತುಂಬಿ ಇನ್ನೊಂದು ಕಡ್ಡಿ ಇಟ್ಟಳು. ತಾಗಿದ್ದೇ ತಡ, ಬಾಗಿಲು ಹಿಂದೆ ಸರಿಯಿತು.

"ಯಾರ ಅಜಾಗರೂಕತೆ ಸರ್ ಇದು? ಕಡ್ಡೀದಾ?"

ಒಡತಿ ಮ್ಯಾನೇಜರ ಮುಖ ನೋಡಿದರು. ಅವರು ನೆಲ ನೋಡಿದರು.

ವಾರದೊಳಗೆ ಬಸ್ಸುಗಳನ್ನೆಲ್ಲ ಡಿಪೋಗೆ ಕರೆಸಿ ಮಿತಿ ಇಳಿಸಿದರು, ಗ್ರೀಸು ಬದಲಿಸಿದರು. ವರದಿ ಮಾತ್ರ ಹಾಗೆಯೇ ಇತ್ತು.

"ಬಾಗಿಲು ಸರಿಯಾಯ್ತಲ್ಲ, ಬಿಡಮ್ಮ" ಎಂದರು ಒಡತಿ.

"ಆ ಹೆಂಗಸಿನ ತಲೆ ಮೇಲೆ ತಪ್ಪು ಕೂರಿಸಿ ನಾವು ಕೈ ತೊಳ್ಕೊಳ್ಳೋದಾ ಮೇಡಂ?"

ಮೂರು ದಿನ ಅಕ್ಕ ಒಡತಿಯ ಕೋಣೆಯ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಆ ಸಾಲು ಬದಲಾಯಿತು: "ಕಂಟ್ರೋಲರಿನ ಮಿತಿಯಲ್ಲಿ ನಮ್ಮ ತಪ್ಪು."

ಆ ಹಾಳೆಯನ್ನು ಅಕ್ಕನೇ ಟೈಲರ್ ಹೆಂಗಸಿನ ಮನೆಗೆ ಒಯ್ದಳು. ಟೈಲರ್ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಬಟ್ಟೆ ಕತ್ತರಿಸಲು ಹೆಣಗುತ್ತಿದ್ದಳು. ಕತ್ತರಿ ಕೆಳಗಿಟ್ಟು ಹಾಳೆ ಓದಿದಳು.

"ನಿಂಗೆ ಕಣ್ಣು ಕಾಣ್ಸಲ್ವಾ ಅಂತ ನಮ್ಮತ್ತೆ ದಿನಾ ಕೇಳೋರು. ನನಗೂ ಹಾಗೇ ಅನ್ಸೋಕೆ ಶುರುವಾಗಿತ್ತು ಅಕ್ಕ."

ಆಮೇಲೆ ಒಳಕೋಣೆಯ ಕಡೆ ತಿರುಗಿ ಕೂಗಿದಳು: "ಅತ್ತೇ, ಕನ್ನಡಕ ಹಾಕ್ಕೊಂಡು ಸ್ವಲ್ಪ ಬನ್ನಿ ಇಲ್ಲಿ. ಇದನ್ನ ಗಟ್ಟಿಯಾಗಿ ಓದಿ."