ಅತ್ತೆ ಅಲ್ಲಾಡಿಸಿ ಆರಿಸಿದ ರೇಡಿಯೋ

ಬಿಳಿಗೆರೆಯಲ್ಲಿ ನನ್ನ ಸೋದರತ್ತೆ ಗಿರಿಜಾಂಬಿಕಾಳ ಕಿವಿಗೆ ಇದ್ದ ಮರ್ಯಾದೆ ಪಟೇಲರ ಮೀಸೆಗೂ ಇರಲಿಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ನೀರು ಆರಿದೆಯೇ, ಕೊಬ್ಬರಿ ಉಂಡೆಯಾಗಿ ಕರಟ ಬಿಟ್ಟಿದೆಯೇ ಎಂದು ಹೇಳಿಬಿಡುತ್ತಿದ್ದಳು. ಲೊಟಲೊಟ ಎಂದರೆ ಕೊಬ್ಬರಿಯಾಗಿದೆ, ಸುಮ್ಮನಿದ್ದರೆ ಇನ್ನೂ ಹಸಿ. ಅಕ್ಕಪಕ್ಕದವರು ಕಾಯಿ ಸುಲಿಸುವ ಮುಂಚೆ ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ಅದರ ಜಂಬ ಸ್ವಲ್ಪ ಇತ್ತು. ಇರಬೇಕಾದದ್ದೇ.

ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಅವಳ ಮನೆಯಲ್ಲಿದ್ದುಕೊಂಡು ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದೆ. ಪಕ್ಕದ ಮನೆಯ ಮೇಷ್ಟರ ರೇಡಿಯೋದಲ್ಲಿ ಸಂಜೆ ಹೊತ್ತು ಮಾಸ್ಕೋದ ಕನ್ನಡ ಪ್ರಸಾರ ಬರುತ್ತಿತ್ತು. ಅತ್ತೆ ಅಕ್ಕಿ ಆರಿಸುತ್ತಾ ಅವರ ಜಗಲಿಯಲ್ಲಿ ಕೂತು ಕೇಳುವಳು. ಅಷ್ಟು ದೂರದವರು ಕನ್ನಡ ಮಾತಾಡುವುದು ಅವಳಿಗೆ ಆಶ್ಚರ್ಯವೇ ಅಲ್ಲ. ಅಷ್ಟೆಲ್ಲ ಮಾತಾಡುವವರು ಊಟದ ವಿಷಯ ಎತ್ತುವುದೇ ಇಲ್ಲವಲ್ಲ ಎನ್ನುವುದು ಅವಳ ಕೊರಗು. ಒಂದು ದಿನ ತಾನೇ ಕೂತು ಕಾಗದ ಬರೆದಳು: 'ನಿಮ್ಮ ದೇಶದಲ್ಲಿ ತೆಂಗಿನಮರ ಇಲ್ಲವಂತೆ. ಹಾಗಾದರೆ ಸಾರಿಗೆ ಏನು ಅರೆದು ಹಾಕುತ್ತೀರಿ?'

ಮೂರು ತಿಂಗಳ ಮೇಲೆ ಲಕೋಟೆ ಬಂತು. ಅಕ್ಟೋಬರ್ ಎರಡನೇ ಭಾನುವಾರದ ಪ್ರಸಾರದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತೇವೆ, ತಪ್ಪದೆ ಕೇಳಿ ಎಂದಿತ್ತು. ಅತ್ತೆ ಅದನ್ನು ಹಿಡಿದು ಊರೆಲ್ಲ ಸುತ್ತಿದಳು. ಎಲ್ಲರೂ ಬೆರಗಾದರು, ಅವಳ ಮೈದುನ ಕಾಡಸಿದ್ದಪ್ಪನೊಬ್ಬನನ್ನು ಬಿಟ್ಟು.

"ಅತ್ಗೆ, ದಿನಾ ಬರೋ ಬಸ್ ಕಂಡಕ್ಟರ್‌ಗೇ ನಮ್ಮೂರು ನೆನಪಿರಲ್ಲ. ಮಾಸ್ಕೋದೋರು ನಿಮ್ಮ ಹೆಸ್ರು ಕೂಗ್ತಾರಾ? ಯಾರೋ ತಮಾಸೆ ಮಾಡವ್ರೆ, ಬುಡಿ" ಎಂದ.

ಅತ್ತೆ ಕೆಂಡವಾದಳು. "ಅವತ್ತು ಸಂಜೆ ಬಂದು ಮೇಷ್ಟ್ರ ಜಗಲಿ ಮೇಲೆ ಕೂತ್ಕೋ. ಕೇಳುಸ್ತೀನಿ" ಎಂದು ಹತ್ತು ಜನರ ಮುಂದೆ ಅಂದುಬಿಟ್ಟಳು.

ಅಂದದ್ದೇನೋ ಆಯಿತು. ಆದರೆ ಆ ವಾರವೇ ಮೇಷ್ಟರಿಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾಗಿ, ಅವರ ಸಾಮಾನಿನ ಜೊತೆ ರೇಡಿಯೋನೂ ಲಾರಿ ಹತ್ತಿತು. ಅತ್ತೆಯ ಮನೆಯಲ್ಲಿ ರೇಡಿಯೋ ಇರಲಿಲ್ಲ. ಭಾನುವಾರ ಅವಳ ಹೆಸರು ಕೇಳಿಸದಿದ್ದರೆ ಕಾಡಸಿದ್ದಪ್ಪ ಬದುಕಿರುವ ತನಕ ಆಡಿಕೊಳ್ಳುವವನೇ.

ಶನಿವಾರ ಬೆಳಿಗ್ಗೆ ಅತ್ತೆ, ಮಾವ ವೀರಭದ್ರಯ್ಯ ಮತ್ತು ನಾನು ತಿಪಟೂರಿನ ಗಂಗಯ್ಯನವರ ಅಂಗಡಿಗೆ ಹೋದೆವು. ಮಾವನಿಗೆ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ ಹಿಡಿಸಿತು. ಅದಕ್ಕೆ ಕರೆಂಟು ಬೇಕು. ನಮ್ಮೂರಿನ ಕರೆಂಟು ಸಂಜೆಯಾದರೆ ನೆಂಟರ ಮನೆಗೆ ಹೋಗುವ ಜಾತಿಯದು. ಸಣ್ಣದೊಂದು ಇತ್ತು, ಅದು ಬೆಂಗಳೂರು ಕೇಂದ್ರ ಬಿಟ್ಟು ಬೇರೇನೂ ಹಿಡಿಯುವುದಿಲ್ಲ. ಕೊನೆಗೆ ಗಂಗಯ್ಯನವರು ಚರ್ಮದ ಚೀಲ ತೊಟ್ಟ, ಸೆಲ್ ಹಾಕುವ, ಮೂರು ಬ್ಯಾಂಡಿನ ರೇಡಿಯೋ ಇಳಿಸಿದರು. ಮೇಲೆ ಎಳೆದರೆ ಉದ್ದವಾಗುವ ಏರಿಯಲ್ ಕಡ್ಡಿ. ಅಂಥವು ಎರಡಿದ್ದವು, ಅವಳಿಜವಳಿ.

ಎರಡರಲ್ಲಿ ಯಾವುದು? ನಾವು ನೋಡನೋಡುತ್ತಿದ್ದಂತೆ ಅತ್ತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. ಇನ್ನೊಂದನ್ನು ಎತ್ತಿ ಅಲ್ಲಾಡಿಸಿದಳು. ಲೊಟಲೊಟ ಎಂದಿತು.

"ಇದನ್ನ ಕಟ್ರಿ" ಎಂದಳು.

ಗಂಗಯ್ಯನವರು ಹೌಹಾರಿದರು. "ಅಮ್ಮಾ, ರೇಡಿಯೋ ಕಣಮ್ಮ ಇದು, ಕಾಯಲ್ಲ! ಸದ್ದು ಬಂದ್ರೆ ಒಳಗೇನೋ ಸಡ್ಲ ಆಗೈತೆ ಅಂತ. ಕೊಡಿ, ಬಿಚ್ಚಿ ನೋಡ್ತೀನಿ."

"ಬಿಚ್ಚಿ ನೋಡೋಕೆ ಯಾರಿಗಾದ್ರೂ ಬತ್ತೈತೆ. ಮೊದ್ಲು ಹಾಡ್ಸಿ."

ಹಾಡಿಸಿದರು. ಬೆಂಗಳೂರು ಅಂಗಡಿ ತುಂಬುವಂತೆ ಹಾಡಿತು. ಮಾಸ್ಕೋ ಬರುವ ಶಾರ್ಟ್‌ವೇವ್ ನೋಡೋಣವೆಂದರೆ ನಡುಮಧ್ಯಾಹ್ನ, ಅದು ಚೆನ್ನಾಗಿ ಬರುವುದು ಸಂಜೆಗೇ ಎಂದು ಗಂಗಯ್ಯನವರೇ ಹೇಳಿದರು. ಅತ್ತೆ ಗೆದ್ದವಳಂತೆ ನಕ್ಕಳು. ಹೊರಗೆ ಕಟ್ಟುವ ಏರಿಯಲ್ ಆರಿಸುವಾಗಲೂ ಅವಳದೇ ಮಾತು. ಗೋಡೆಗೆ ಹೊಡೆಯುವ ಹೊಳೆಯುವ ಜಾಲರಿ ಪಟ್ಟಿಯನ್ನು ಬಿಟ್ಟು ತಂತಿಯ ಸುರುಳಿ ತೆಗೆದುಕೊಂಡಳು. ಸುತ್ತಿಕೊಂಡು ತೋಟಕ್ಕೂ ಒಯ್ಯಬಹುದಲ್ಲ ಎಂಬ ಲೆಕ್ಕ. ಅದು ಸರಿಯಾದ ಆಯ್ಕೆಯೇ.

ಆ ಸಂಜೆ ಬೆಂಗಳೂರು ಜೋರಾಗಿ ಬಂತು. ಶಾರ್ಟ್‌ವೇವಿಗೆ ತಿರುಗಿಸಿದರೆ ಬರೀ ಗೊರ್ರ್ ಸದ್ದು. ನಮ್ಮ ತೋಟದಲ್ಲಿ ಕಾಯಿ ಕೆಡವುವ ಮಾಯಣ್ಣ ಹಿತ್ತಲಿನ ತೆಂಗಿನಮರ ಹತ್ತಿ ತಂತಿಯ ಒಂದು ತುದಿಯನ್ನು ಕಟ್ಟಿದ. ಇನ್ನೊಂದು ತುದಿಯನ್ನು ಏರಿಯಲ್ ಕಡ್ಡಿಗೆ ಸುತ್ತಿದೆವು. ಆಗಲೂ ಗೊರ್ರ್. ಮಾವ ಬೈಯಲಿಲ್ಲ, ಇನ್ನೊಂದನ್ನು ತರಬಹುದಿತ್ತು ಎಂದಷ್ಟೇ ಹೇಳಿ ಟವೆಲ್ ಕೊಡವಿಕೊಂಡು ಹೊರಗೆ ಹೋದರು. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಗಂಗಯ್ಯನವರ ಅಂಗಡಿಗೆ ರಜ. ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡೆ. ಕಾಡಸಿದ್ದಪ್ಪನನ್ನು ಎಲ್ಲಾದರೂ ಕೂಡಿಹಾಕಿ ಬೀಗ ಹಾಕೋಣವೇ ಎಂದೂ ಯೋಚಿಸಿದೆ.

ಮೂರು ಗಂಟೆಯ ಹೊತ್ತಿಗೆ ಅತ್ತೆ ರೇಡಿಯೋವನ್ನು ಮಡಿಲಲ್ಲಿ ಇಟ್ಟುಕೊಂಡಳು. ಮತ್ತೆ ಕಿವಿಗೆ ಹಿಡಿದು, ಈ ಸಲ ಮೆಲ್ಲಗೆ, ಅತ್ತ ಇತ್ತ ವಾಲಿಸಿದಳು.

"ಕೊಬ್ರಿ ಉಂಡೆಯಾದ್ರೆ ಸುತ್ತ ಉರುಳ್ತೈತೆ ಕಣೇ. ಇದು ಒಂದೇ ಮೂಲೇಲಿ ಟಕ್ ಅಂತೈತೆ. ಈ ಕಡ್ಡಿ ಬುಡದಲ್ಲಿ" ಎಂದಳು.

ನಾನು ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ತಂದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಕಡ್ಡಿಯ ಬುಡದಲ್ಲಿ ಒಂದು ಪುಟ್ಟ ನಟ್ಟು ಕಳಚಿ ಬಿದ್ದಿತ್ತು. ಅದು ಹಿಡಿದಿರಬೇಕಾದ ತಂತಿ ತೂಗಾಡುತ್ತಿತ್ತು. ಬೆಂಗಳೂರು ಹಿಡಿಯಲು ಕಡ್ಡಿ ಬೇಕಿಲ್ಲ, ಒಳಗೇ ಅದಕ್ಕೆ ಬೇರೆ ಏರ್ಪಾಡಿದೆ. ಶಾರ್ಟ್‌ವೇವಿಗೆ ಕಡ್ಡಿಯೇ ಗತಿ. ಅತ್ತೆ ತಂತಿಯನ್ನು ಕಡ್ಡಿಗೆ ಸೇರಿಸಿ ನಟ್ಟು ಬಿಗಿದಳು. ನಾನು ಮುಳ್ಳು ತಿರುಗಿಸಿದೆ. ಯಾವುದೋ ದೇಶದವನು ಅರಬ್ಬಿಯೋ ಚೀನಿಯೋ ಬಡಬಡ ಮಾತಾಡಿದ. ಅಷ್ಟು ಇಂಪಾದ ಮಾತನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇಬ್ಬರೂ ಕೈಹಿಡಿದುಕೊಂಡು ಕುಣಿದೆವು.

"ಗಂಗಯ್ಯ ಹೇಳಿದ್ದೇ ಸರಿ. ಯಾರಿಗೂ ಹೇಳ್ಬ್ಯಾಡ" ಎಂದಳು ಅತ್ತೆ. ಇಷ್ಟು ದಿನ ಹೇಳಿರಲಿಲ್ಲ.

ಸಂಜೆ ಜಗಲಿ ತುಂಬಿತು. ಕಾಡಸಿದ್ದಪ್ಪ ಎಲ್ಲರಿಗಿಂತ ಮುಂಚೆ ಬಂದು, ಎಲೆಅಡಿಕೆ ಹಾಕಿಕೊಂಡು, ರೇಡಿಯೋದ ಎದುರಿಗೇ ಕೂತ. ಪ್ರಸಾರ ಶುರುವಾಯಿತು. ಸುದ್ದಿ ಮುಗಿಯಿತು, ಒಂದು ಹಾಡು ಮುಗಿಯಿತು. ಅತ್ತೆ ತುಟಿ ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಹೆಂಗಸೊಬ್ಬಳ ದನಿ ಬಿಡಿಸಿ ಬಿಡಿಸಿ ಹೇಳಿತು: "ಕರ್ನಾಟಕದ ತಿಪಟೂರು ತಾಲ್ಲೂಕು, ಬಿಳಿಗೆರೆಯಿಂದ ಶ್ರೀಮತಿ ಗಿರಿಜಾಂಬಿಕಾ ಅವರು ಕೇಳಿದ್ದಾರೆ..."

ಮೊದಲು ನೆಗೆದವನು ಕಾಡಸಿದ್ದಪ್ಪ. "ನಮ್ಮತ್ಗೆ ಕಣ್ರಲಾ! ನಮ್ಮತ್ಗೆ!" ಎಂದು ಎದೆ ತಟ್ಟಿಕೊಂಡ. ಜಗಲಿಗೆ ಜಗಲಿಯೇ ಎದ್ದು ಕೂಗಿತು. ಮಾಯಣ್ಣ ಸಿಳ್ಳೆ ಹೊಡೆದ. ಎಂದೂ ದನಿಯೆತ್ತದ ಮಾವ "ನಮ್ಮನೇವ್ರು! ನಮ್ಮನೇವ್ರು!" ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದರು.

"ಸುಮ್ಕಿರ್ರೋ! ಉತ್ರ ಹೇಳ್ತಾವ್ರೆ!" ಎಂದು ಅತ್ತೆ ಬಡಕೊಂಡಳು. ಯಾರು ಕೇಳುತ್ತಾರೆ? ಗದ್ದಲ ಅಡಗುವ ಹೊತ್ತಿಗೆ ಆ ಹೆಂಗಸು ನಮಸ್ಕಾರ ಹೇಳುತ್ತಿದ್ದಳು. ಮಾಸ್ಕೋದವರು ಸಾರಿಗೆ ಏನು ಅರೆದು ಹಾಕುತ್ತಾರೋ ಬಿಳಿಗೆರೆಗೆ ಗೊತ್ತಾಗಲೇ ಇಲ್ಲ.

ಅತ್ತೆ ಒಂದು ಗಳಿಗೆ ಪೆಚ್ಚಾಗಿ ನಿಂತಳು. ಆಮೇಲೆ ನಗು ತಡೆಯಲಾರದೆ ಅಲ್ಲೇ ಕುಸಿದು ಕೂತಳು. ಕಾಡಸಿದ್ದಪ್ಪ ತಲೆ ಕೆರೆದುಕೊಳ್ಳುತ್ತಾ ಹತ್ತಿರ ಬಂದ.

"ಅತ್ಗೆ, ಇನ್ನೊಂದು ಕಾಗ್ದ ಬರೀರಿ. ಈ ಸಲ ನನ್ನ ಹೆಸ್ರೂ ಸೇರ್ಸಿ."

"ಸೇರುಸ್ತೀನಿ ಕಣಪ್ಪ" ಎಂದಳು ಅತ್ತೆ ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಅದು ಬರೋ ದಿನ ನೀನು ತೋಟದಲ್ಲಿರ್ಬೇಕು."