ಕಂಡಕ್ಟರ್ ದೇವಕ್ಕ ಮತ್ತು ನಮ್ಮ ನಳದ ಕಟ್ಟೆಯ ಮೀಟಿಂಗು

ದೇವಕ್ಕನಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೈಲಹೊಂಗಲದ ನಮ್ಮ ರೊಟ್ಟಿ ಕೇಂದ್ರವನ್ನು ಉಳಿಸಿದವಳು ಅವಳು ಎಂದು ಕೇಳಿದವರೆಲ್ಲ ಬಂದು "ಅಕಿ ಕೈ ರೊಟ್ಟೀನ ಕೊಡ್ರಿ" ಎನ್ನುತ್ತಾರೆ. ಅಯ್ಯ ಶಿವನೇ! ಅವಳು ಬಡಿದ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿದು ದಿಕ್ಕಾಪಾಲಾಗುತ್ತದೆ. ಆಯುಷ್ಯವನ್ನೆಲ್ಲ ಬಸ್ಸಿನಲ್ಲಿ ಕಂಡಕ್ಟರಾಗಿ ಕಳೆದ ಹೆಂಗಸು ಅವಳು. ಬೈಲಹೊಂಗಲ, ಮುನವಳ್ಳಿ, ಸವದತ್ತಿ. ತಿರುಗಿ ಸವದತ್ತಿ, ಮುನವಳ್ಳಿ, ಬೈಲಹೊಂಗಲ. ರಿಟೈರಾದ ಮೇಲೆ ಮನೆಯಲ್ಲಿ ಕುಳಿತು ನೋಡಿದಳು, ಆಗಲಿಲ್ಲ. "ಕುಂತ ಕುಂತ ಕಾಲು ಜೋಮು ಹಿಡಿಯಾಕ ಹತ್ಯಾವು ಇಂದ್ರವ್ವಾ, ಏನರ ಕೆಲಸ ಕೊಡಸು" ಎಂದು ನನ್ನ ಬೆನ್ನು ಹತ್ತಿದಳು. ನಾನೇ ಕರೆದುಕೊಂಡು ಹೋಗಿ ರಾಚವ್ವನ ಮುಂದೆ ನಿಲ್ಲಿಸಿದೆ. ಹಿಟ್ಟು ಮುಟ್ಟಬಾರದು ಎಂಬ ಕರಾರಿನ ಮೇಲೆ ಅವಳನ್ನು ಪ್ಯಾಕಿಂಗಿಗೆ ಹಾಕಿದರು.

ರಾಚವ್ವ ನಮ್ಮೆಲ್ಲರಿಗೂ ಹಿರಿಯಳು, ಕೇಂದ್ರ ಕಟ್ಟಿದವಳು. ಗಂಡ ತೀರಿಕೊಂಡಾಗ ಹಿತ್ತಲಲ್ಲಿ ಒಂದು ಒಲೆ ಹೂಡಿ ಖಡಕ್ ರೊಟ್ಟಿ ಮಾಡಿ ಮಾರಲು ಶುರು ಮಾಡಿದಳು. ಒಬ್ಬೊಬ್ಬರಾಗಿ ನಾವೆಲ್ಲ ಹೋಗಿ ಸೇರಿಕೊಂಡೆವು. ಹಿತ್ತಲಲ್ಲಿ ಶೆಡ್ಡು ಎದ್ದಿತು, ಹಂಚುಗಳ ಸಾಲು ಬಂತು, ಧಾರವಾಡಕ್ಕೂ ಬೆಳಗಾವಿಗೂ ನಮ್ಮ ರೊಟ್ಟಿ ಹೋಗತೊಡಗಿತು. ಅವಳು ಅಧ್ಯಕ್ಷಳಾದಳು, ಅವಳಿಗೊಂದು ಕುರ್ಚಿ ಬಂತು, ಕುರ್ಚಿಯ ಜೊತೆಗೆ ಪ್ರತಿ ಸೋಮವಾರ ಸಂಜೆಯ ಮೀಟಿಂಗೂ ಬಂತು.

ಆ ಮೀಟಿಂಗಿನ ಚಂದ ಏನು ಹೇಳಲಿ! ಪಡಸಾಲೆಯಲ್ಲಿ ರಾಚವ್ವ ಕುರ್ಚಿಯ ಮೇಲೆ, ನಾವೆಲ್ಲ ಜಮಖಾನೆಯ ಮೇಲೆ. ಅವಳು ಮೊದಲು ಮಾತಾಡುತ್ತಾಳೆ. ಹಿರಿಯಳು ಬಾಯಿ ಬಿಟ್ಟ ಮೇಲೆ ಕಿರಿಯರು ಅಡ್ಡ ನುಡಿಯುವುದು ನಮ್ಮ ಕಡೆ ಎಲ್ಲಿದೆ? "ಹೂಂ ಯವ್ವಾ" ಎಂದು ಎಲ್ಲರೂ ತಲೆ ಆಡಿಸುತ್ತೇವೆ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪ ಯಾರು? ಮುಗಿದ ಮೇಲೆ ಶೆಡ್ಡಿನ ಪಕ್ಕದ ನಳದ ಕಟ್ಟೆಗೆ ಕೈಕಾಲು ತೊಳೆಯಲು ಹೋಗುತ್ತೇವಲ್ಲ, ಖರೇ ಮೀಟಿಂಗು ಅಲ್ಲಿ! ಪಡಸಾಲೆಯಲ್ಲಿ ಗಪ್ಪು ಕುಳಿತವರ ಬಾಯಿ ಅಲ್ಲಿ ಹರಿಯುವ ನಳಕ್ಕಿಂತ ಜೋರು. ಅದು ಮಾತ್ರ ರಾಚವ್ವನ ಕಿವಿಗೆ ಬೀಳುತ್ತಿರಲಿಲ್ಲ.

ಹೀಗಿರುವಾಗ ಧಾರವಾಡದ ಒಂದು ಖಾನಾವಳಿಯಿಂದ ದೊಡ್ಡ ಆರ್ಡರ್ ಬಂತು. ಹೊಸದಾಗಿ ತೆರೆಯುವವರು, ಇಂಥ ತಾರೀಖಿಗೆ ರೊಟ್ಟಿ ಬೇಕು ಎಂದರು. ರಾಚವ್ವ ಮೀಟಿಂಗಿನಲ್ಲಿ ತಾರೀಖು ಹೇಳಿ, "ಹಿಂದಿನ ದಿನ ಎಲ್ಲಾರೂ ಬೆಳಗಿನಿಂದ ಕುಂತು ಮಾಡೂಣು. ಏನಂತೀರಿ?" ಎಂದಳು. "ಹೂಂ ಯವ್ವಾ" ಎಂದೆವು. ಆ ಹಿಂದಿನ ದಿನ ಎಳ್ಳಮಾವಾಸ್ಯೆ! ಹೊಲ ಇದ್ದವರ ಮನೆಯಲ್ಲಿ ಆ ದಿನ ಒಬ್ಬರಾದರೂ ಉಳಿಯುತ್ತಾರೆಯೇ? ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಚಕ್ಕಡಿಯೋ ಟ್ರಾಕ್ಟರೋ ಹತ್ತಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಇಡೀ ಮನೆಯೇ ಹೊಲಕ್ಕೆ ಹೋಗುತ್ತದೆ. ರಾಚವ್ವನಿಗೆ ಹೊಲವಿಲ್ಲ, ಅವಳಿಗೆ ಹೊಳೆಯಲಿಲ್ಲ. ನಮಗೆಲ್ಲ ಹೊಳೆದಿತ್ತು. ನಳದ ಕಟ್ಟೆಯಲ್ಲಿ "ನೀ ಹೇಳು", "ಏ, ನೀನ ಹೇಳವಾ" ಎಂದು ಒಬ್ಬರ ಮೇಲೊಬ್ಬರು ನೂಕಿದೆವು. ಕಡೆಗೆ, ಯಾರೋ ಒಬ್ಬರು ಹೇಳಿರುತ್ತಾರೆ ಎಂದುಕೊಂಡು ಎಲ್ಲರೂ ಮರೆತೆವು.

ಆ ಅಮಾವಾಸ್ಯೆಯ ದಿನ ಹಂಚುಗಳ ಸಾಲಿನ ಮುಂದೆ ರಾಚವ್ವ ಒಬ್ಬಳೇ ಕುಳಿತಿದ್ದಳಂತೆ. ಹೊಲವಿಲ್ಲದ ಇನ್ನೊಬ್ಬಳು ದೇವಕ್ಕ. ಪ್ಯಾಕ್ ಮಾಡಲು ಬಂದು ನೋಡುತ್ತಾಳೆ, ರಾಚವ್ವ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ! ಮರುದಿನ ಖಾನಾವಳಿಯವನು ಬರಿಗೈಯಲ್ಲಿ ತಿರುಗಿ ಹೋದ. ಆಮೇಲೆ ನಾವು ಬಂದಾಗ ರಾಚವ್ವ ನಮ್ಮ ಮುಖ ನೋಡಲಿಲ್ಲ. "ನನ್ನ ಮ್ಯಾಲೆ ಇಷ್ಟು ಸಿಟ್ಟಿತ್ತೇನವಾ ನಿಮಗ? ಶಿವರಾತ್ರಿ ತನಕ ಕೈಯಾಗಿನ ಆರ್ಡರ್ ಮುಗಸ್ರಿ. ಆಮ್ಯಾಲೆ ಶೆಡ್ಡಿಗೆ ಕೀಲಿ" ಎಂದಳು.

ಮನೆಯ ಹೊಸ್ತಿಲು ದಾಟಿ ನಾಲ್ಕು ಜನರ ನಡುವೆ ನಗುವ, ಜಗಳಾಡುವ ಜಾಗ ನಮಗೆ ಬೇರೆ ಯಾವುದಿತ್ತು? ಸಿಟ್ಟಿನವಳು ನಾನು, ಎಲ್ಲರಿಗೂ ಬೈಯುತ್ತ ನಿಂತೆ. ದೇವಕ್ಕ ಮಾತ್ರ ಬಸ್ಸು ನಿಲ್ಲಿಸಲು ಬಿಗಿಲ್ಲು ಊದುವವಳ ಹಾಗೆ ಕೈ ಎತ್ತಿದಳು.

"ರಾಚವ್ವಾರ, ಕೀಲಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಶಿವರಾತ್ರಿ ತನಕ ಮೀಟಿಂಗ್ ನನ್ನ ಕೈಯಾಗ ಕೊಡ್ರಿ."

"ಮೀಟಿಂಗ್ ತಗೊಂಡು ಏನ್ ಮಾಡ್ತೀಯವಾ? ರೊಟ್ಟಿ ಕೆಟ್ಟಿಲ್ಲ, ಮನಸ್ಸು ಕೆಟ್ಟಾವು" ಎಂದಳು ರಾಚವ್ವ.

"ಮನಸ್ಸು ಕೆಟ್ಟಿಲ್ರಿ, ಮೀಟಿಂಗ್ ಕೆಟ್ಟೈತಿ. ಸ್ಟಾಪಿನ್ಯಾಗ ಇಳೀಬೇಕಾದವರು ಬಾಯಿ ಬಿಡಲಿಲ್ಲ ಅಂದ್ರ ಗಾಡಿ ಮುಂದ ಹೋಗಿಬಿಡತೈತಿ. ನಾ ಬಸ್ಸಿನ್ಯಾಗ ರೈಟ್ ಅನ್ನೂಕಿಂತ ಮೊದಲ, 'ಇಳಿಯೋರು ಯಾರರ ಅದೀರೇನು' ಅಂತ ಹಿಂದಿನ ಸೀಟಿನ ತನಕ ಕೇಳತಿದ್ದೆ. ಇಲ್ಲೆ ಯಾರ ಕೇಳ್ಯಾರ?"

ರಾಚವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡಳು ದೇವಕ್ಕ.

ಮುಂದಿನ ಸೋಮವಾರ ಅವಳು ಕೇಳಿದ ಮೊದಲ ಪ್ರಶ್ನೆ: "ಅವತ್ತ ಎಳ್ಳಮಾಸಿ ಐತಿ ಅಂತ ಯಾರ್ಯಾರಿಗೆ ಗೊತ್ತಿತ್ತು? ಕೈ ಎತ್ರಿ." ಯಾರೂ ಎತ್ತಲಿಲ್ಲ. ನಾನೇ ಮೊದಲು ಎತ್ತಿದೆ. ಆಮೇಲೆ ಒಂದೊಂದಾಗಿ ಎಲ್ಲ ಕೈಗಳೂ ಮೇಲೆ ಬಂದವು. ರಾಚವ್ವ ಬೆರಗಾಗಿ ನೋಡಿದಳು. "ಎಲ್ಲಾರಿಗೂ ಗೊತ್ತಿತ್ತೇನ್ರೇ?" ಎಂದಳು. ದೇವಕ್ಕ ಬಿಡಲಿಲ್ಲ. "ಎಲ್ಲೆ ಮಾತಾಡಿದ್ರಿ?" "ನಳದ ಕಡೆರಿ" ಎಂದು ಯಾರೋ ಪಿಸುಗುಟ್ಟಿದರು. "ಹಂಗಾರ ಮುಂದಿನ ಮೀಟಿಂಗ್ ನಳದ ಕಡೆ!" ಎಂದುಬಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ.

ಖರೇನೇ ನಳದ ಕಟ್ಟೆಯ ಪಕ್ಕ ಗೋಣಿತಟ್ಟು ಹಾಸಿದಳು. ಕಿರಿಯರು ಮೊದಲು, ರಾಚವ್ವ ಕಡೆಗೆ ಎಂದು ನೇಮ ಮಾಡಿದಳು. ಆದರೆ ಏನು ಉಪಯೋಗ? ಮಾತಾಡಬೇಕಾದವರು ರಾಚವ್ವನ ಹುಬ್ಬು ಏರಿತೋ ಇಳಿಯಿತೋ ಎಂದು ನೋಡಿ ನೋಡಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಮುಗಿಸಿದರು. ಆ ದಿನ ನಾನು ದೇವಕ್ಕನ ಮೇಲೂ ರೇಗಿದೆ. "ಯಕ್ಕಾ, ನಿನ್ನ ಬಸ್ ಪಂಕ್ಚರ್ ಆತು ನೋಡು!" ಅವಳು ಗಲ್ಲಕ್ಕೆ ಕೈ ಹಚ್ಚಿ ಕುಳಿತಳು. ಮರುದಿನ ಜೋಳ ಹಸನು ಮಾಡಲು ಎಲ್ಲರೂ ಒಂದೊಂದು ಮೊರ, ನಮ್ಮ ಕಡೆಯ ಮಾತಿನಲ್ಲಿ ಮರ, ಹಿಡಿದು ಕುಳಿತರು. ಕಣ್ಣು ಕಾಳಿನ ಮೇಲೆ, ಕೈ ಕೇರುವುದರಲ್ಲಿ. ನೋಡುತ್ತೇವೆ, ಯಾರೂ ಕೇಳದಿದ್ದರೂ ಮಾತು ತಾನೇ ಶುರುವಾಗಿದೆ! ದೇವಕ್ಕ ಧಡಕ್ಕನೆ ಎದ್ದು ನಿಂತಳು. "ಸಿಕ್ತು ಇಂದ್ರವ್ವಾ! ಮುಂದಿನ ವಾರ ಮರ ಹಿಡಕೊಂಡ ಮೀಟಿಂಗ್. ಯಾರೂ ಯಾರ ಮಾರಿ ನೋಡೂದ ಬ್ಯಾಡ!"

ಆಹಾ, ಆ ಸೋಮವಾರ! ಮರಗಳ ಸಪ್ಪಳ, ಹೊಟ್ಟು ಹಾರುತ್ತಿದೆ, ರಾಚವ್ವನೂ ಒಂದು ಮರ ಹಿಡಿದು ತಲೆ ತಗ್ಗಿಸಿದ್ದಾಳೆ. ದೇವಕ್ಕ ಎಲ್ಲರಿಗಿಂತ ಕಿರಿಯಳಾದ ಉಮಾಶ್ರೀಯನ್ನು ಕೇಳಿದಳು, "ಏನವಾ ತಂಗಿ, ನಿಂದೇನು?" ಉಮಾಶ್ರೀ ಸಂಪಗಾಂವಿಯ ಸೊಸೆ, ಪ್ಯಾಕಿಂಗಿನವಳು. ಅವಳ ದನಿಯನ್ನೇ ನಾವು ಸರಿಯಾಗಿ ಕೇಳಿರಲಿಲ್ಲ.

"ಮೀಟಿಂಗ್ ಸಂಜೀಕ ಬ್ಯಾಡ್ರಿ ಅಕ್ಕಾರ" ಎಂದಳು, ಕಾಳಿನಿಂದ ಕಣ್ಣೆತ್ತದೆ. "ಮುಗಿಯೂದ್ರಾಗ ನಮ್ಮೂರ ಬಸ್ ಹೋಗಿರತೈತಿ. ಸೋಮವಾರ ಸೋಮವಾರ ನಾ ಅರ್ಧ ದಾರಿ ನಡಕೊಂತ ಹೋಗತೇನ್ರಿ."

ಮರಗಳೆಲ್ಲ ಒಮ್ಮೆಲೇ ನಿಂತವು. ಸಂಕಟವಾದಾಗ ನನಗೆ ಬರುವುದು ಸಿಟ್ಟೇ. "ಹೇಳಾಕ ಏನ ಧಾಡಿ ಆಗಿತ್ತ ನಿನಗ? ಬಾಯಿ ಇರಲಿಲ್ಲೇನು?" ಎಂದು ಜೋರು ಮಾಡಿದೆ.

"ಬಾಯಿ ಇತ್ರಿ. ಕೇಳಿದವರು ಯಾರ್ರಿ?" ಎಂದಳು.

ಅಂದಿನಿಂದ ಮೀಟಿಂಗು ಬೆಳಿಗ್ಗೆಗೆ ಬಂತು. ಕಟ್ಟೆಯೊಡೆದ ಹಾಗೆ ಮಾತು ಬರತೊಡಗಿತು. ಬಿಸಿ ರೊಟ್ಟಿಯನ್ನೇ ಪ್ಯಾಕ್ ಮಾಡಿದರೆ ಬೆವರಿ ಬೂಷ್ಟು ಹಿಡಿಯುತ್ತದೆ ಎಂದೊಬ್ಬಳು. ಒಲೆಯ ಹೊಗೆ ಮೂಲೆಯವಳ ಕಣ್ಣಿಗೇ ಹೋಗುತ್ತದೆ, ಸರದಿ ಮಾಡಿರಿ ಎಂದೊಬ್ಬಳು. ಇಂದ್ರವ್ವ ಬೈಯುವುದನ್ನು ಕಡಿಮೆ ಮಾಡಬೇಕು ಎಂದು ಇನ್ನೊಬ್ಬಳು. ಅದಕ್ಕೆ ನಾನು ಬೈದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಜಗಳಗಳೂ ಆದವು, ಸುಳ್ಳು ಯಾಕೆ ಹೇಳಲಿ! ಹೊಗೆಯ ಸರದಿಗಾಗಿ ಇಬ್ಬರು ಮಾತು ಬಿಟ್ಟು ವಾರ ಕಳೆದರು. ದೇವಕ್ಕ ಅವರ ಮರಗಳನ್ನು ಪಕ್ಕಪಕ್ಕದಲ್ಲಿಟ್ಟು, ಕಡೆಗೆ ಮಾತಾಡಿಸಿಯೇ ಬಿಟ್ಟಳು. ಪ್ರತಿ ಮಾತು ಮುಗಿಯುವಾಗ, ಒಪ್ಪದವರಿದ್ದರೆ ಹೇಳಲಿ ಎಂದು, ಎದ್ದು ನಿಂತು ಕೇಳುವಳು, "ಇಳಿಯೋರು ಯಾರರ ಅದೀರೇನು?" ಒಂದು ಉಸಿರಿನಷ್ಟು ಹೊತ್ತು ಕಾಯುವಳು. ಆ ಉಸಿರಿನಲ್ಲೇ ಎಷ್ಟೋ ಮಾತು ಹೊರಬಿದ್ದವು. ಆದರೆ ರಾಚವ್ವ ಮಾತ್ರ ತನ್ನ ಸರದಿ ಬಂದಾಗ "ನಿಮ್ಮಿಚ್ಛಾ" ಎಂದಷ್ಟೇ ಹೇಳಿ ಕಾಳು ಕೇರುತ್ತಿದ್ದಳು. ಅವಳ ಮನಸ್ಸು ತಿರುಗಿತೋ ಇಲ್ಲವೋ ಯಾರಿಗೂ ತಿಳಿಯದು. ಶಿವರಾತ್ರಿ ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಶಿವರಾತ್ರಿಯ ಹಿಂದಿನ ಸೋಮವಾರ ಆ ಧಾರವಾಡದ ಖಾನಾವಳಿಯವನೇ ಮತ್ತೆ ಫೋನ್ ಮಾಡಿದ. ಬೇರೆ ಕಡೆಯ ರೊಟ್ಟಿ ಅವನ ಗಿರಾಕಿಗಳಿಗೆ ಹಿಡಿಸಿರಲಿಲ್ಲವಂತೆ. ಇನ್ನು ಮೇಲೆ ದಿನಾಲೂ ಬೇಕು, ಮಾಡುತ್ತೀರೋ ಇಲ್ಲವೋ ಈಗಲೇ ಹೇಳಿ ಎಂದ. ಏನು ಗದ್ದಲ ಅಂತೀರಿ! ಉಮಾಶ್ರೀ ಮೊದಲು ಹೇಳಿದಳು, "ಮಾಡೂಣ್ರಿ, ಆದ್ರ ಹಬ್ಬದ ದಿನ ರೊಟ್ಟಿ ಇಲ್ಲ ಅಂತ ಮೊದಲ ಹೇಳ್ರಿ!" ಎಲ್ಲರೂ ಹೋ ಎಂದರು. ಮಾಡೂಣು, ಮಾಡೂಣು! ಹೊಟ್ಟು ಮಾಡಿನ ತನಕ ಹಾರಿತು. ದೇವಕ್ಕ ಎದ್ದು ನಿಂತಳು.

"ಇಳಿಯೋರು ಯಾರರ ಅದೀರೇನು?"

ಒಂದು ಉಸಿರು. ರಾಚವ್ವ ಮರವನ್ನು ಕೆಳಗಿಟ್ಟಳು.

"ನಾ ಇಳಿತೇನವಾ."

ಹೋಯಿತು! ಎಲ್ಲಾ ಮುಗಿಯಿತು ಎಂದುಕೊಂಡೆ. ಕೈಯಲ್ಲಿದ್ದ ಮರ ಜಾರಿ ಜೋಳವೆಲ್ಲ ಚೆಲ್ಲಿತು. ದೇವಕ್ಕನ ಮುಖವೂ ಬಿಳಿಚಿಕೊಂಡಿತು. "ಯಾಕ್ರಿ ರಾಚವ್ವಾರ?" ಎಂದಳು, ಮೆಲ್ಲಗೆ.

"ಶೆಡ್ಡು ನಡೀಲಿ. ಕುರ್ಚಿಯಿಂದ ಇಳಿತೇನಿ" ಎಂದಳು ರಾಚವ್ವ. "ಫೋನ್ ಹಿಡದು, ಗಿರಾಕಿ ಸಂಭಾಳಿಸಿ, ನಿಮಗೆಲ್ಲಾ ಮೊದಲ ಮಾತು ಹೇಳಿ ಹೇಳಿ ಸಾಕಾಗೈತಿ ನನಗ. ನಾ ಚೊಲೊ ಮಾಡಾಕತ್ತೇನೋ ಕೆಟ್ಟ ಮಾಡಾಕತ್ತೇನೋ ಒಬ್ಬರರ ಹೇಳಿದ್ರೇನ? ಬರೇ ಹೂಂ, ಹೂಂ. ಬಾವಿಯಾಗ ಒದರಿದಂಗ ಆಗತಿತ್ತು. ರೊಟ್ಟಿ ಬಡಿಯೂದು ಅಂದ್ರ ನನ್ನ ಜೀವ ಅಲ್ಲೇನ? ಆ ಎಳ್ಳಮಾಸಿ ಒಂದ ದಿನ ಬಿಟ್ರ, ಹಂಚಿನ ಮುಂದ ಕುಂತು ವರ್ಷಗಟ್ಟಲೆ ಆತು. ಹಂಚಿನ ಮುಂದ ನನಗೊಂದು ಜಾಗಾ ಕೊಡ್ರಿ. ಇಷ್ಟ ನಂದು."

ನಾನು ಅತ್ತೆ. ಏನು ಮುಚ್ಚಿಡುವುದು, ಗೊಳೋ ಎಂದು ಅತ್ತೆ. ಅವಳು ನಮ್ಮನ್ನು ಆಳುತ್ತಿದ್ದಾಳೆ ಎಂದು ನಾವು ಅಂದುಕೊಂಡಿದ್ದೆವು. ಅಷ್ಟು ವರ್ಷ ಅವಳೂ ನಮ್ಮ ಹಾಗೇ ಗಪ್ಪು ಕುಳಿತಿದ್ದಳು.

ಅಧ್ಯಕ್ಷಳು ನೀನೇ ಆಗು ಎಂದು ಎಲ್ಲರೂ ದೇವಕ್ಕನಿಗೆ ಗಂಟು ಬಿದ್ದರು. "ಏ ಹೋಗ್ರಿ, ನನಗ ಕೇಳಾಕ ಬರತೈತಿ, ಗಾಡಿ ಹೊಡಿಯಾಕ ಬರಂಗಿಲ್ಲ" ಎಂದು ನನ್ನನ್ನು ಮುಂದೆ ನೂಕಿದಳು. "ಬೈದರೂ ಎದುರಿಗೆ ಬೈತಾಳ, ಇಕಿನ ಇರಲಿ!" ಇಳಿಯುವವರು ಯಾರೂ ಇರಲಿಲ್ಲ. ನನ್ನ ಹಣೆಬರಹ!

ಶಿವರಾತ್ರಿ ಮುಗಿದ ಮೇಲಿನ ಸೋಮವಾರ ನನ್ನ ಮೊದಲ ಮೀಟಿಂಗು. ರಾತ್ರಿಯೆಲ್ಲ ಯೋಚಿಸಿ ಒಂದು ಭಾರಿ ಉಪಾಯ ತಂದಿದ್ದೆ: ರೊಟ್ಟಿ ಬಡಿಯುವ ಮಶೀನು ತರೋಣ, ಧಾರವಾಡದ ಆರ್ಡರ್ ಹೂವಿನ ಹಾಗೆ ಮುಗಿಯುತ್ತದೆ. ನನಗೆ ಎಷ್ಟು ಹುರುಪೆಂದರೆ, ಕಿರಿಯರಿಗೆ ಮೊದಲು ಮಾತು ಕೊಡುವುದನ್ನೇ ಮರೆತು ನಾನೇ ಹೇಳಿಬಿಟ್ಟೆ. ಹೇಳಿ ಮುಗಿಸಿ ನೋಡುತ್ತೇನೆ, ಎಲ್ಲರೂ ತಲೆ ಆಡಿಸಿ "ಹೂಂ ಇಂದ್ರಕ್ಕಾ" ಎನ್ನುತ್ತಿದ್ದಾರೆ! ನನಗೂ ಅದು ಹಿತವಾಗಿತ್ತು ನೋಡಿ, ಆ ಹೂಂ. ದೇವಕ್ಕ ಕೇಳಲು ಎದ್ದು ನಿಲ್ಲುವಷ್ಟರಲ್ಲಿ, ಹಂಚಿನ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನಾ ಒಪ್ಪಂಗಿಲ್ಲ!" ರಾಚವ್ವ ಹಿಟ್ಟಿನ ಕೈ ಎತ್ತಿ ಕೂಗಿದಳು. "ಏನ್ ತಿಳದೀಯ ಇಂದ್ರವ್ವಾ, ಮಶೀನ್ ಅಂತ ಮಶೀನ್! ನಮ್ಮ ಕೈಗೇನ ಆಗೇತಿ? ನಾ ಇವತ್ತ ಹಂಚಿಗೆ ಬಂದೇನಿ, ನೀ ಇವತ್ತ ನನ್ನ ಎಬ್ಬಿಸ್ತೀಯೇನು?"

ಒಂದು ಗಳಿಗೆ ನನ್ನ ಮೈಯೆಲ್ಲ ಉರಿಯಿತು. ನನ್ನ ಮೊದಲ ಮೀಟಿಂಗು, ನನ್ನ ಮೊದಲ ಉಪಾಯ! ತಿರುಗಿ ನೋಡಿದರೆ ರಾಚವ್ವನ ಮುಖ ಒಲೆಯ ಬೆಳಕಿನಲ್ಲಿ ಹೊಳೆಯುತ್ತಿದೆ, ನಗು ತಡೆಯಲಾರದೆ ತುಟಿ ಕಚ್ಚಿದ್ದಾಳೆ. ಅಷ್ಟು ವರ್ಷದಲ್ಲಿ ನಮ್ಮ ಮೀಟಿಂಗಿನಲ್ಲಿ ಅಧ್ಯಕ್ಷಳ ಮಾತಿಗೆ ಒಬ್ಬರು ಎದುರಿಗೇ ಅಲ್ಲ ಎಂದದ್ದು ಅದೇ ಮೊದಲು.

"ಬಿಡ್ರಿ ಹಂಗಾರ, ಮಶೀನು ಬ್ಯಾಡ!" ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

"ಹಂಗ ಒಮ್ಮೆಲೆ ಬಿಡಬ್ಯಾಡವಾ!" ರಾಚವ್ವ ಸಿಟ್ಟಿಗೆದ್ದಳು. "ಜಗಳಾಡು ನನ್ನ ಜೋಡಿ!"