ಬುಗುರಿ ಕಟ್ಟಿದ ಕಂಪ್ಯೂಟರ್

ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅವನನ್ನು ಜೊತೆಯವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲಿ ಕೂರುತ್ತಿರಲಿಲ್ಲ. ಊಟವನ್ನೂ ಅರ್ಧ ನಿಂತೇ ಮುಗಿಸುತ್ತಿದ್ದ. ಎಲ್ಲೋ ಲಿಫ್ಟ್ ಸಿಕ್ಕಿಹಾಕಿಕೊಂಡಿದೆ ಎಂದು ಫೋನ್ ಬಂದರೆ, ಆ ಕಡೆಯವರು ವಿಳಾಸ ಹೇಳಿ ಮುಗಿಸುವ ಮೊದಲೇ ಇವನ ಹೆಗಲಲ್ಲಿ ಹತ್ಯಾರದ ಚೀಲ ಇರುತ್ತಿತ್ತು. ಬಾವಿಯಂಥ ಕತ್ತಲೆಯಲ್ಲಿ ಕಬ್ಬಿಣದ ಏಣಿ ಹಿಡಿದು ಇಳಿಯುವುದು, ಮತ್ತೆ ಹತ್ತಿ ಮೇಲಿನ ಮೋಟಾರು ಕೋಣೆಗೆ ಓಡುವುದು, ಅಲ್ಲಿಂದ ಇನ್ನೊಂದು ಕಟ್ಟಡ. ಇಷ್ಟು ವರ್ಷ ಮೈಗೊಂದು ಗೀರೂ ಆಗದಂತೆ ಹತ್ತಿ ಇಳಿದವನು ಕೊನೆಗೆ ಬಿದ್ದದ್ದು ಮನೆಯ ಸ್ಟೂಲಿನಿಂದ, ಬಚ್ಚಲಿನ ಬಲ್ಬು ಬದಲಿಸಲು ಹೋಗಿ. ಬಲ್ಬು ಕೈಯಲ್ಲಿ ಹಾಗೇ ಇತ್ತು. ಪಾದದ ಕೀಲು ಮುರಿದಿತ್ತು.

ಡಾಕ್ಟರು ಒಳಗೆ ಉಕ್ಕಿನ ಪಟ್ಟಿ ಕೂರಿಸಿ ಹೊಲಿಗೆ ಹಾಕಿದರು. "ನಡೀಬಹುದು, ಆದ್ರೆ ಇನ್ಮೇಲೆ ಏಣಿ ಹತ್ತೋ ಕೆಲಸ ಮರೆತುಬಿಡಿ" ಎಂದರು. ಬುಗುರಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಕಂಪನಿಯ ಮೇಲ್ವಿಚಾರಕರು ಹಾಕಿಕೊಂಡಿದ್ದರು. ಫೋನ್ ಮಾಡಿ ಹೇಳಿದರು: "ಕಂಟ್ರೋಲ್ ರೂಮಲ್ಲಿ ಒಂದು ಸೀಟು ಖಾಲಿ ಇದೆ ನೋಡು. ಎಲ್ಲ ಕಟ್ಟಡದ ಲಿಫ್ಟುಗಳೂ ಕಂಪ್ಯೂಟರ್ ಪರದೆ ಮೇಲೇ ಕಾಣ್ತವೆ. ಕೂತಲ್ಲೇ ಕೆಲಸ. ಯೋಚನೆ ಮಾಡಿ ಹೇಳು."

ಕೂತಲ್ಲೇ ಕೆಲಸ! ಆ ಎರಡು ಪದ ಕೇಳಿಯೇ ಅವನ ಮೈಗೆ ಇರುವೆ ಹರಿದಂತಾಯಿತು. ದಿನವಿಡೀ ಹಾಲಿನ ಸೋಫಾದ ಮೇಲೆ ಕಾಲು ಚಾಚಿಕೊಂಡು ಅದನ್ನೇ ಮೆಲುಕು ಹಾಕಿದ. ಸಂಜೆ ರಕ್ತಪರೀಕ್ಷೆಯ ಲ್ಯಾಬಿನ ಕೆಲಸ ಮುಗಿಸಿ ಹೆಂಡತಿ ಬಂದಾಗ ಹೇಳಿದ:

"ಆ ಪೆಟ್ಟಿಗೆ ಮುಂದೆ ಕೂರಲೇಬೇಕು ಅಂತಾದ್ರೆ, ಅದರ ಹೊಟ್ಟೆಯೊಳಗೆ ಏನಿದೆ ಅಂತಾದ್ರೂ ನೋಡ್ಬೇಕು ಕಣೇ. ನಾನೇ ಒಂದು ಜೋಡಿಸ್ತೀನಿ."

"ಮೊದ್ಲು ಕಾಲು ಜೋಡಿಸ್ಕೊಳ್ಳಿ" ಎಂದಳು ಹೆಂಡತಿ. ಆದರೆ ಬೇಡ ಎನ್ನಲಿಲ್ಲ. ಸುಮ್ಮನೆ ಕೂತ ಬುಗುರಿಗಿಂತ ಏನಾದರೂ ಬಿಚ್ಚುತ್ತಾ ಕೂತ ಬುಗುರಿ ವಾಸಿ ಎಂದು ಅವಳಿಗೂ ಅನ್ನಿಸಿರಬೇಕು.

ಮನೆಯಲ್ಲಿದ್ದ ಮೂರನೆಯವರು ಹೆಂಡತಿಯ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಇಡೀ ನೌಕರಿಯನ್ನು ಒಂದೇ ಕುರ್ಚಿಯಲ್ಲಿ ಕಳೆದಿದ್ದರು. ಎಂದೂ ಕೂರದ ಅಳಿಯ, ಕೂತಲ್ಲಿಂದ ಏಳದ ಅತ್ತೆ. ಅಳಿಯ ಮನೆಯಲ್ಲಿ ಇರುತ್ತಲೇ ಇರಲಿಲ್ಲವಾದ್ದರಿಂದ ಇಬ್ಬರೂ ಒಂದೇ ಸೂರಿನಡಿ ಚೆನ್ನಾಗಿಯೇ ಇದ್ದರು. ಈಗ ಹೆಂಡತಿ ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೋದರೆ ಸಂಜೆಯವರೆಗೆ ಅವರಿಬ್ಬರೇ. ಕಿಟಕಿಯ ಪಕ್ಕ ಅತ್ತೆ, ಪದಬಂಧ ತುಂಬಿಸುತ್ತಾ. ಸೋಫಾದ ಮೇಲೆ ಅಳಿಯ, ಒಳ್ಳೆಯ ಕಾಲನ್ನು ಕುಣಿಸುತ್ತಾ.

"ಅಳಿಯಂದ್ರೇ, ಆ ಕಾಲು ಅಲ್ಲಾಡಿಸಬೇಡಿ. ನನ್ ಪೆನ್ನು ಗೆರೆ ದಾಟತ್ತೆ" ಎನ್ನುತ್ತಿದ್ದರು ಅತ್ತೆ.

ಬಿಡಿಭಾಗಗಳು ಬಂದವು. ಮದುವೆಯಾಗಿ ಹೋದ ಮಗಳ ಕೋಣೆಯಲ್ಲಿ ಓದುವ ಮೇಜು ಖಾಲಿ ಇತ್ತು. ಬುಗುರಿ ಅಲ್ಲಿ ಡಬ್ಬಗಳನ್ನೆಲ್ಲ ಒಡೆದು ಹರಡಿಕೊಂಡ. ಮದರ್‌ಬೋರ್ಡಿನ ಜೊತೆ ಬಂದ ಕಿರುಪುಸ್ತಕವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕಿಟಕಿಯ ಮೇಲಿಟ್ಟ. ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯ ಒಳಗೆ ಕಾಡಿನಂತಿರುವ ವೈರುಗಳನ್ನು ಕಂಡವನಿಗೆ ಇದು ಮಕ್ಕಳಾಟಿಕೆಯಂತೆ ಕಂಡಿತು. ಪ್ರೊಸೆಸರ್ ಕೂರಿಸಿದ, ಅದರ ಮೇಲೆ ಫ್ಯಾನು. ಮೆಮೊರಿಯ ಪಟ್ಟಿಗಳನ್ನು ಟಕ್ಕೆಂದು ಒತ್ತಿದ. ಬೋರ್ಡನ್ನು ಎತ್ತಿ ತಗಡಿನ ಕ್ಯಾಬಿನೆಟ್ಟಿನೊಳಗೆ ಇಟ್ಟು ಸ್ಕ್ರೂ ತಿರುಗಿಸಿದ. ಒಂದು ಕಡೆ ಬೋರ್ಡು ಸ್ವಲ್ಪ ಬಿಗಿಯಾಗಿ ಕೂತಿತು ಅನ್ನಿಸಿತು. ಹೊಸದಲ್ಲವೇ ಎಂದುಕೊಂಡು ಇನ್ನೊಂದು ಸುತ್ತು ಬಿಗಿದ. ಊಟದ ಹೊತ್ತಿಗೆಲ್ಲ ಕೆಲಸ ಮುಗಿದಿತ್ತು.

"ಬನ್ನಿ ಅತ್ತೆ, ನೋಡಿ!" ಎಂದು ಕೂಗಿದ. ಅತ್ತೆ ಪತ್ರಿಕೆ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

ಗುಂಡಿ ಒತ್ತಿದ. ಒಳಗೆ ಹಸಿರು ದೀಪ ಮಿಣುಕಿತು. ಫ್ಯಾನು ಅರ್ಧ ಸುತ್ತು ತಿರುಗಿತು. ಅಷ್ಟೇ. ಎಲ್ಲ ಸತ್ತಂತೆ ನಿಂತುಬಿಟ್ಟಿತು.

"ಆಯ್ತಾ?" ಎಂದರು ಅತ್ತೆ.

"ಇರಿ, ಇರಿ."

ಮತ್ತೆ ಒತ್ತಿದ. ಏನೂ ಇಲ್ಲ. ಸ್ವಲ್ಪ ಬಿಟ್ಟು ಒತ್ತಿದರೆ ಮತ್ತದೇ ಅರ್ಧ ಸುತ್ತು, ಮತ್ತದೇ ಮೌನ. ಪ್ಲಗ್ ಬದಲಿಸಿದ. ಗೋಡೆಯ ಸಾಕೆಟ್ಟಿನ ಮೇಲೆ ಅನುಮಾನ ಬಂದು, ಊರುಗೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು ಕುರ್ಚಿಯನ್ನೇ ತಳ್ಳುತ್ತಾ ಅಡುಗೆಮನೆಗೆ ಒಯ್ದ. ಅಲ್ಲೂ ಅದೇ. ವಾಪಸು ತಳ್ಳಿಕೊಂಡು ಬಂದ. ಪವರ್ ಸಪ್ಲೈಯ ಕೇಬಲ್ಲುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದ. ಮೆಮೊರಿಯ ಪಟ್ಟಿಗಳನ್ನು ಅದಲು ಬದಲು ಮಾಡಿದ, ಫ್ಯಾನು ಬಿಚ್ಚಿ ಮತ್ತೆ ಹಾಕಿದ, ಮುಂದಿನ ಗುಂಡಿಯ ಸಣ್ಣ ವೈರುಗಳನ್ನು ತಿರುವು ಮುರುವು ಮಾಡಿ ನೋಡಿದ. ಎಲ್ಲವನ್ನೂ ಒಂದೇ ಉಸಿರಿಗೆ ಮಾಡುತ್ತಿದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಅವನಿಗೆ ತಪ್ಪಿಹೋಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. ಹೊಲಿಗೆ ಹಾಕಿದ ಕಾಲು ಡವಡವ ಬಡಿಯುತ್ತಿತ್ತು.

ಅಂಗಡಿಯವನಿಗೆ ಫೋನ್ ಹಚ್ಚಿ ಕೂಗಾಡಿದ. "ಕೆಟ್ಟ ಬೋರ್ಡು ಕೊಟ್ಟು ಕೈ ತೊಳ್ಕೊಂಡ್ರಾ?"

"ಕೆಟ್ಟಿದ್ರೆ ತನ್ನಿ ಸಾರ್, ಬದಲಾಯಿಸಿ ಕೊಡ್ತೀನಿ. ಅದಕ್ಕೆ ಮುಂಚೆ ಒಂದ್ಸಲ ಹೊರಗಿಟ್ಟು—"

ಬುಗುರಿ ಪೂರ್ತಿ ಕೇಳದೆ ಫೋನ್ ಇಟ್ಟ. ಮತ್ತೆ ಗುಂಡಿ ಒತ್ತತೊಡಗಿದ. ಟಿಕ್. ಟಿಕ್. ಟಿಕ್.

"ಅಳಿಯಂದ್ರೇ, ಅದನ್ನ ಒತ್ತೋದು ನಿಲ್ಸಿ. ಲೈನ್ ಸಿಗದೇ ಇದ್ದವರು ಹಿಂಗೇ ಫೋನ್ ಕುಟ್ಟೋರು. ಕುಟ್ಟಿದ್ರೆ ಸಿಗತ್ತಾ?"

"ನಿಮಗೇನು ಗೊತ್ತಾಗತ್ತೆ ಅತ್ತೆ? ಜೀವಮಾನ ಎಲ್ಲಾ ಕೂತಲ್ಲೇ ಕೂತು ಪ್ಲಗ್ ಚುಚ್ಚಿ ಬಂದೋರು!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ತೂಕ ಗೊತ್ತಾಯಿತು. ಅತ್ತೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲನ್ನು ಬಡಿಯಲಿಲ್ಲ. ಮೆಲ್ಲಗೆ ಹಾಕಿದರು. ಬಡಿದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹಿಂದೆಲ್ಲ ಸಿಟ್ಟು ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ಎರಡು ಬೀದಿ ಸುತ್ತಿ ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಈಗ ಹೊರಗೆ ಹೋಗುವುದೆಂದರೆ ಮೂರು ಮಹಡಿ ಮೆಟ್ಟಿಲು. ಲಿಫ್ಟ್ ಮೆಕ್ಯಾನಿಕ್ಕಿನ ಮನೆಯ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಕುರ್ಚಿಯಲ್ಲಿ ಕೂತು ಕಿಟಕಿಯಾಚೆಯ ತಂತಿಯ ಮೇಲೆ ಒಣಗುತ್ತಿದ್ದ ಯಾರದೋ ಅಂಗಿಗಳನ್ನು ನೋಡಿದ. ಹಾಗೆ ಕೂತಿದ್ದಾಗಲೇ, ಮಧ್ಯಾಹ್ನದಿಂದ ತನ್ನನ್ನು ಕುಣಿಸುತ್ತಿರುವುದು ಈ ಪೆಟ್ಟಿಗೆಯಲ್ಲ ಎಂದು ಅವನಿಗೆ ಹೊಳೆಯಿತು. ಮನೆಯಲ್ಲಿ ತಾನೇ ಜೋಡಿಸಿದ್ದೇ ಕೈಗೆ ಬಗ್ಗದಿದ್ದರೆ, ಅಲ್ಲಿ ಆ ಪರದೆಯ ಮುಂದೆ ತನ್ನ ಗತಿಯೇನು? ಏಣಿಯೂ ಇಲ್ಲ, ಕುರ್ಚಿಯೂ ದಕ್ಕದು. ಮತ್ತೆ ತಾನು ಯಾವ ಕೆಲಸಕ್ಕೆ ಬಂದ ಹಾಗಾಯಿತು?

ಸಂಜೆ ಹೆಂಡತಿ ಬಂದವಳು ಮುಚ್ಚಿದ ಬಾಗಿಲನ್ನೂ ಗಂಡನ ಮುಖವನ್ನೂ ನೋಡಿದಳು. "ಏನಂದ್ರಿ ಅಮ್ಮನಿಗೆ?"

"ಏನೂ ಇಲ್ಲ."

"ಸರಿ. ಏನೂ ಇಲ್ಲ ಅಂದಿದ್ದಕ್ಕೆ ನಾಳೆ ಕ್ಷಮೆ ಕೇಳಿ."

ಮರುದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅವನು ಕಾಫಿ ಮಾಡಿದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಲೋಟ. ಅತ್ತೆಯ ಬಾಗಿಲು ಮುಟ್ಟುವಷ್ಟರಲ್ಲಿ ಅರ್ಧ ಕಾಫಿ ನೆಲದ ಪಾಲಾಗಿತ್ತು.

"ಅತ್ತೆ, ನಿನ್ನೆ ನಾಲಿಗೆ ಜಾರಿಬಿಡ್ತು."

ಒಳಗಿಂದ ಉತ್ತರ ಬಂತು: "ಕಾಲೂ ಜಾರತ್ತೆ, ನಾಲಿಗೆಯೂ ಜಾರತ್ತೆ. ನಿಮ್ಮಲ್ಲಿ ಗಟ್ಟಿಯಾಗಿ ನಿಲ್ಲೋದು ಏನಿದೆ ಹೇಳಿ."

ಬಾಗಿಲು ತೆರೆಯಿತು. ಅತ್ತೆ ಉಳಿದ ಕಾಫಿಯನ್ನು ತೆಗೆದುಕೊಂಡು ಮಂಚದ ಮೇಲೆ ಕೂತರು. ಒಂದು ಗುಟುಕು ಕುಡಿದು ಹೇಳಿದರು:

"ಕೂರೋದು ಸುಲಭ ಅಂದ್ಕೊಂಡಿದೀರಲ್ಲ ನೀವು. ಮೊದಮೊದಲು ನನಗೆ ಕಿರುಚಿಕೊಂಡು ಎದ್ದು ಓಡಿಹೋಗೋಣ ಅನ್ನಿಸ್ತಿತ್ತು. ಎದುರಿಗೆ ಹಲಗೆ ತುಂಬಾ ದೀಪ. ಎಲ್ಲಾ ಒಟ್ಟಿಗೇ ಹತ್ಕೊಳ್ಳೋವು. ಒಬ್ಬರ ಮನೇಲಿ ಸಾವು, ಒಬ್ಬರಿಗೆ ಹೆರಿಗೆ, ಇನ್ನೊಬ್ಬರಿಗೆ ವ್ಯಾಪಾರದ ಅವಸರ. ನನ್ನ ಕೈಯಲ್ಲಿ ಒಂದೇ ಪ್ಲಗ್ಗು. ಅಳ್ತಾ ಅಳ್ತಾ ಕಲಿತೆ, ಒಂದು ಮುಗೀದೆ ಇನ್ನೊಂದಕ್ಕೆ ಕೈ ಹಾಕ್ಬಾರದು ಅಂತ."

ಬುಗುರಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡ. "ನನ್ನ ಕೈಲಿ ಆಗಲ್ಲ ಅನ್ನಿಸತ್ತೆ ಅತ್ತೆ. ಆ ಸೀಟಲ್ಲಿ ಕೂತ್ರೆ ನಾನು ಸತ್ತೇ ಹೋಗ್ತೀನಿ."

"ಸಾಯಲ್ಲ. ಬೆನ್ನು ನೋಯತ್ತೆ, ಅಷ್ಟೇ. ನಡೀರಿ, ಅದೇನಾಗಿದೆ ನೋಡೋಣ."

ಅತ್ತೆ ಮೊಮ್ಮಗಳ ಕೋಣೆಯ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಬುಗುರಿ ಒಂದೊಂದನ್ನೇ ತೆಗೆಯತೊಡಗಿದ. ತೆಗೆದದ್ದನ್ನು ಬಾಯಿಬಿಟ್ಟು ಹೇಳಬೇಕೆಂದು ಅತ್ತೆಯ ಕಟ್ಟಪ್ಪಣೆ. "ಡಿಸ್ಕ್ ತೆಗೆದೆ." ಗುಂಡಿ ಒತ್ತಿದರೆ ಅರ್ಧ ಸುತ್ತು. "ಒಂದು ಮೆಮೊರಿ ಪಟ್ಟಿ ತೆಗೆದೆ." ಅರ್ಧ ಸುತ್ತು. "ಮುಂದಿನ ವೈರೆಲ್ಲ ತೆಗೆದೆ." ಪ್ರತಿ ಸಲವೂ ಕೈ ಮುಂದಿನದಕ್ಕೆ ತಾನಾಗಿ ಓಡುತ್ತಿತ್ತು. ಅತ್ತೆ ಗಂಟಲು ಸರಿಮಾಡಿಕೊಂಡರೆ ಹಿಂದಕ್ಕೆ ಬರುತ್ತಿತ್ತು. ಕೊನೆಗೆ ಅಂಗಡಿಯವನು ಅರ್ಧಕ್ಕೆ ಬಿಟ್ಟ ಮಾತು ನೆನಪಾಯಿತು: ಹೊರಗಿಟ್ಟು. ಬೋರ್ಡನ್ನೇ ಕ್ಯಾಬಿನೆಟ್ಟಿನಿಂದ ಬಿಡಿಸಿ, ಅದು ಬಂದಿದ್ದ ರಟ್ಟಿನ ಡಬ್ಬದ ಮೇಲೆ ಅಂಗಾತ ಮಲಗಿಸಿದ. ಪವರ್ ಸಪ್ಲೈಯ ವೈರು, ಮಾನಿಟರಿನ ಕೇಬಲ್ಲು, ಒಂದೇ ಒಂದು ಮೆಮೊರಿ ಪಟ್ಟಿ. ಈಗ ಒತ್ತಲು ಗುಂಡಿಯೂ ಇರಲಿಲ್ಲ. ಗುಂಡಿಯ ವೈರು ಕೂರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದ.

ಫ್ಯಾನು ತಿರುಗಿತು. ಅರ್ಧ ಸುತ್ತು, ಒಂದು ಸುತ್ತು, ಆಮೇಲೆ ನಿಲ್ಲಲೇ ಇಲ್ಲ. ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು.

"ಏನಂತೆ?" ಎಂದರು ಅತ್ತೆ, ಕನ್ನಡಕ ಏರಿಸುತ್ತಾ.

"ಡಿಸ್ಕ್ ಎಲ್ಲಿ ಅಂತ ಗೊಣಗ್ತಿದೆ."

"ಗೊಣಗ್ತಿದೆ ಅಂದ್ರೆ ಜೀವ ಇದೆ ಬಿಡಿ."

ಬುಗುರಿ ಒಂಟಿಕಾಲಲ್ಲೇ ಎದ್ದು ನಿಂತುಬಿಟ್ಟ. ಆ ಸಂಭ್ರಮದಲ್ಲಿ ಅತ್ತೆಯ ಪಾಠವೆಲ್ಲ ಹಾರಿಹೋಯಿತು. ಬೋರ್ಡನ್ನು ಮತ್ತೆ ಕ್ಯಾಬಿನೆಟ್ಟಿಗೆ ಇಳಿಸಿ, ಸರಸರನೆ ಎಲ್ಲ ಸ್ಕ್ರೂ ಬಿಗಿದು, ಎಲ್ಲ ಕೇಬಲ್ ಚುಚ್ಚಿ ಗುಂಡಿ ಒತ್ತಿದ.

ಅರ್ಧ ಸುತ್ತು. ಮೌನ.

ಸ್ಕ್ರೂಡ್ರೈವರ್ ಹಿಡಿದ ಕೈ ಅದನ್ನು ಗೋಡೆಗೆ ಎಸೆಯಲು ಮೇಲೆದ್ದಿತು. ಅತ್ತೆ ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ, ನೋಡುತ್ತಿದ್ದರು. ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತು, ಕೆಳಗಿಳಿಯಿತು.

"ಹೊರಗೆ ಸರಿಯಾಗಿತ್ತು" ಎಂದ, ತನಗೇ ಹೇಳಿಕೊಳ್ಳುವಂತೆ. "ಒಳಗೆ ಹಾಕಿದ್ರೆ ಸಾಯ್ತಿದೆ. ಹಾಗಾದ್ರೆ ತಪ್ಪು ಬೋರ್ಡಿಂದಲ್ಲ. ಈ ತಗಡಿಂದು."

ಬೋರ್ಡನ್ನು ಮತ್ತೆ ಬಿಡಿಸಿ ತಿರುಗಿಸಿ ನೋಡಿದ. ಬೆನ್ನಿನ ಮೇಲೆ, ಬೆಸುಗೆಯ ಚುಕ್ಕಿಗಳ ನಡುವೆ, ಹೊಳೆಯುವ ಒಂದು ಗೀರು. ಖಾಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಅತ್ತೆ ಟಾರ್ಚ್ ಹಿಡಿದರು. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯಲು ಒಳಗೆ ಹಿತ್ತಾಳೆಯ ಪುಟ್ಟ ಪುಟ್ಟ ಕಾಲುಗಳಿದ್ದವು. ಬೋರ್ಡಿನಲ್ಲಿ ಎಲ್ಲೆಲ್ಲಿ ಸ್ಕ್ರೂವಿನ ತೂತಿದೆಯೋ ಅಲ್ಲಲ್ಲಿ ಒಂದೊಂದು. ಬುಗುರಿ ಬೋರ್ಡನ್ನು ಪಕ್ಕದಲ್ಲಿ ಹಿಡಿದು ತೂತಿಗೊಂದು ಕಾಲು ಹೊಂದಿಸುತ್ತಾ ಹೋದ. ಒಂದು ಕಾಲಿಗೆ ತೂತೇ ಇರಲಿಲ್ಲ. ಇದಕ್ಕಿಂತ ದೊಡ್ಡ ಬೋರ್ಡಿಗೆಂದು ಕಾರ್ಖಾನೆಯಲ್ಲೇ ಸಿಕ್ಕಿಸಿದ್ದು. ಅದು ನೆಟ್ಟಗೆ ಬೋರ್ಡಿನ ಬೆನ್ನಿಗೆ ಚುಚ್ಚಿ, ಕರೆಂಟನ್ನು ತಗಡಿಗೆ ಹರಿಸುತ್ತಿತ್ತು. ಪವರ್ ಸಪ್ಲೈ ಹೆದರಿ ತಾನೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಬಿಗಿಯಾಗಿದೆ ಎಂದು ಅವನು ಇನ್ನೊಂದು ಸುತ್ತು ಬಿಗಿದ ಸ್ಕ್ರೂ ಅದರ ಪಕ್ಕದಲ್ಲೇ ಇತ್ತು.

ಕಟಿಂಗ್ ಪ್ಲೇಯರಿನಿಂದ ಹಿಡಿದು ತಿರುಗಿಸಿದರೆ ಸಲೀಸಾಗಿ ಕೈಗೆ ಬಂತು. ಕಡಲೆಕಾಳಿನಷ್ಟೂ ಇರಲಿಲ್ಲ.

ಈ ಸಲ ಅವನು ನಿಧಾನವಾಗಿ ಜೋಡಿಸಿದ. ನಿಧಾನ ಅವನಿಗೆ ಹಿತವೇನೂ ಆಗಲಿಲ್ಲ. ಹಲ್ಲು ಕಚ್ಚಿಕೊಂಡೇ ಮಾಡಿದ. ಗುಂಡಿ ಒತ್ತಿದಾಗ ಫ್ಯಾನು ತಿರುಗಿ ತಿರುಗುತ್ತಲೇ ಇತ್ತು. ಅಂಗಡಿಯವನಿಗೆ ಫೋನ್ ಮಾಡಿ, ಬೋರ್ಡು ಸರಿಯಿದೆ, ನಿನ್ನೆ ಕೂಗಾಡಿದ್ದು ತಪ್ಪಾಯಿತು ಎಂದ. "ಬಿಡಿ ಸಾರ್, ಇಲ್ಲಿಗೆ ಫೋನ್ ಮಾಡೋರೆಲ್ಲ ಕೂಗೋರೇ" ಎಂದು ಅವನು ನಕ್ಕ.

ಆಮೇಲೆ ಎಲ್ಲವೂ ಸರಾಗವಾಯಿತೆಂದೇನಲ್ಲ. ಮುಂದಿನ ತಪಾಸಣೆಯಲ್ಲಿ ಬುಗುರಿ ಡಾಕ್ಟರ ಮುಂದೆ ಕೊನೆಯ ಪ್ರಯತ್ನ ಮಾಡಿದ. "ಸಣ್ಣ ಏಣಿ ಸಾರ್. ನಾಲ್ಕೇ ಮೆಟ್ಟಿಲು." ಡಾಕ್ಟರು ತಲೆ ಅಲ್ಲಾಡಿಸಿದರು. ಮನೆಗೆ ಬಂದು ಹತ್ಯಾರದ ಚೀಲವನ್ನು ಮಂಚದ ಕೆಳಗೆ ತಳ್ಳಿದ. ಮರುದಿನ ಮೇಲ್ವಿಚಾರಕರಿಗೆ ಫೋನ್ ಮಾಡಿ, ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟ.

ಕಂಟ್ರೋಲ್ ರೂಮಿನಲ್ಲಿ ಉದ್ದನೆಯ ಮೇಜು, ಗಾಲಿ ಕುರ್ಚಿಗಳು, ಗೋಡೆಯ ತುಂಬ ಪರದೆಗಳು. ಮೊದಲ ಬೆಳಿಗ್ಗೆ ಅವನು ನೀರು ಕುಡಿಯಲೆಂದು ಎದ್ದದ್ದಕ್ಕೆ ಲೆಕ್ಕವಿಲ್ಲ. ಮಧ್ಯಾಹ್ನ ಒಂದು ಹಳೆಯ ಆಸ್ಪತ್ರೆ ಕಟ್ಟಡದ ಲಿಫ್ಟ್ ಪರದೆಯ ಮೇಲೆ ಕೆಂಪಾಯಿತು. ಒಳಗೆ ಯಾರೂ ಇರಲಿಲ್ಲ, ಆದರೆ ರೋಗಿಗಳನ್ನು ಸಾಗಿಸಲು ಅಲ್ಲಿ ಇದ್ದದ್ದು ಅದೊಂದೇ. ಅಲ್ಲಿಗೆ ಹೋಗಿದ್ದ ಮೆಕ್ಯಾನಿಕ್ ಫೋನಿನಲ್ಲಿ ಏದುಸಿರು ಬಿಡುತ್ತಿದ್ದಳು. ಕಂಪನಿಗೆ ಹೊಸಬಳು.

"ಎಲ್ಲಾ ನೋಡಿದೆ ಸಾರ್. ಕಂಟ್ರೋಲರ್ ಹೋಗಿರ್ಬೇಕು."

"ಹೋಗಿರಲ್ಲ. ಆ ಲಿಫ್ಟಿಗೆ ನಾನು ಎಷ್ಟೋ ಸಲ ಬಂದಿದೀನಿ, ಎರಡನೇ ಮಹಡಿ ಬಾಗಿಲ ಹತ್ರ ಹೋಗು. ಹೊಸ್ತಿಲ ಜಾಡಿನಲ್ಲಿ ಬೆರಳಾಡಿಸು. ಟ್ರಾಲಿ ಗಾಲಿಗೆ ಸಿಕ್ಕಿ ಏನಾದ್ರೂ ಬಂದು ಬಿದ್ದಿರತ್ತೆ ಅಲ್ಲಿ."

"ಯಾವ ಜಾಡು ಸಾರ್?"

"ಬಾಗಿಲು ಜಾರೋ ಕಾಲುವೆ ಅಮ್ಮಾ. ಆತುರ ಬೇಡ. ಒಂದು ಕೊನೆಯಿಂದ ಶುರು ಮಾಡು."

ಫೋನು ಕಿವಿಗೊತ್ತಿಕೊಂಡು ಅವನು ಮೇಜಿನ ಈ ತುದಿಯಿಂದ ಆ ತುದಿಗೆ ಕುಂಟುತ್ತಾ ಓಡಾಡುತ್ತಿದ್ದ. ಅಕ್ಕಪಕ್ಕದವರು ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದರು. ಆ ಕಡೆಯಿಂದ ಏನೋ ಕೆರೆಯುವ ಸದ್ದು, ಒಂದು ಉದ್ಗಾರ. ಆಮೇಲೆ ಬಾಗಿಲು ಪೂರ್ತಿ ಮುಚ್ಚಿದ ಟಪ್ ಸದ್ದು, ಮೇಲೆಲ್ಲೋ ಮೋಟಾರು ಎಳೆಯತೊಡಗಿದ ಗುಂಯ್‌ಗುಡುವಿಕೆ. ಪರದೆಯ ಮೇಲಿನ ಕೆಂಪು ಹಸಿರಾಗುವ ಮೊದಲೇ ಅವನಿಗೆ ತಿಳಿದುಹೋಗಿತ್ತು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನ ಕುರ್ಚಿ ಅಷ್ಟರಲ್ಲಿ ಉರುಳಿಕೊಂಡು ಹೋಗಿ ಎದುರು ಗೋಡೆಗೆ ತಾಗಿ ನಿಂತಿತ್ತು. ಹೋಗಿ ಅದನ್ನು ಎಳೆದುಕೊಂಡು ಬಂದು, ಕೂತ.